ತೋಟಾದ ತಲೆ ಯಾವ ಕಡೆ? ಹೆಡ್‌ಸ್ಪೇಸ್ ಎಂಬ ಪದದ ಬಗ್ಗೆ

‘ಮಾಮಾ, ನಳಿಗಿ ಒಳಗ ಕನ್ನಡಿ ಹಂಗ ಹೊಳೀತೈತಿ. ಹೆಡ್‌ಸ್ಪೇಸ್ ಚಿಂತಿ ಇಲ್ಲ ಬಿಡು.’

ಕೆನಡಾದಲ್ಲಿರುವ ತಂಗಿಯ ಮಗ ಹೋದ ವಾರ ಫೋನಿನಲ್ಲಿ ಹೇಳಿದ ಮಾತು. ಎರಡನೇ ಮಹಾಯುದ್ಧದ ಕಾಲದ ಲೀ-ಎನ್‌ಫೀಲ್ಡ್ ನಂಬರ್ 4 ರೈಫಲ್ ಕೊಂಡಿದ್ದಾನೆ, ಸೇನೆ ವಿಲೇವಾರಿ ಮಾಡಿದ ಮಾಲು. ಅದರ .303 ತೋಟಾ ನಮ್ಮಲ್ಲಿ ನಿಷೇಧಿತ ಬೋರು, ಅಂದರೆ ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲದ ನಳಿಗೆ ಅಳತೆ; ಪೊಲೀಸರ ಹೆಗಲ ಮೇಲೆ ನೋಡಿದ್ದಷ್ಟೇ ಭಾಗ್ಯ. ಅಲ್ಲಿ ಲೈಸೆನ್ಸ್ ಇದ್ದವರು ಕೊಳ್ಳಬಹುದು. ಕೊಳ್ಳಲಿ. ಆದರೆ ನಳಿಗೆಯ ಹೊಳಪಿಗೂ, ತೋಟಾ ಕೂರುವ ಜಾಗದ ಅಳತೆಯಾದ ಹೆಡ್‌ಸ್ಪೇಸಿಗೂ ಗಂಟು ಹಾಕಿದ ಮಾತು ಕೇಳುತ್ತಿರುವುದು ನನಗೆ ಇದು ಮೂರನೇ ಸಲ. ಮೊದಲನೆಯದು ಪುಣೆಯ ಖಡಕಿಯ ಚಹಾ ಅಂಗಡಿಯಲ್ಲಿ, ಒಬ್ಬ ನಿವೃತ್ತ ಹವಾಲ್ದಾರರ ಬಾಯಿಂದ. ಎರಡನೆಯದು ಒಂದು ವಿಡಿಯೊದಲ್ಲಿ. ಅದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಗುಂಡಿನ ತಲೆಯ ಮುಂದೆ ಉಳಿಯುವ ಖಾಲಿ ಜಾಗವೇ ಹೆಡ್‌ಸ್ಪೇಸ್’ ಎಂದು ಬಾಣದ ಗುರುತು ಹಾಕಿ ತೋರಿಸಿದ್ದರು. ಬಾಣ ನೆಟ್ಟದ್ದು ಸರಿಯಾಗಿ ಉಲ್ಟಾ ತುದಿಗೆ.

ತಪ್ಪು ಪದದಲ್ಲೇ ಹುಟ್ಟುತ್ತದೆ, ಅದನ್ನು ಒಪ್ಪುತ್ತೇನೆ. ‘ಹೆಡ್’ ಅಂದರೆ ತಲೆ, ತಲೆ ಅಂದರೆ ಮೇಲೆ ಅಥವಾ ಮುಂದೆ ಇರುವುದು, ತೋಟಾದ ಮುಂದೆ ಇರುವುದು ಚೂಪು ಗುಂಡು, ಹಾಗಾದರೆ ಅದೇ ತಲೆ. ತರ್ಕ ಚೆಂದವಾಗಿದೆ, ಉತ್ತರ ಮಾತ್ರ ತಪ್ಪು. ಮನೆಯಲ್ಲಿರುವ ಮೊಳೆಯನ್ನು ನೋಡಿ. ಗೋಡೆಗೆ ಇಳಿಯುವ ಚೂಪು ಕಡೆಯನ್ನು ಯಾರೂ ಮೊಳೆಯ ತಲೆ ಎನ್ನುವುದಿಲ್ಲ; ಸುತ್ತಿಗೆ ಏಟು ತಿನ್ನುವ ಅಗಲವಾದ ಕಡೆ ತಲೆ. ಸ್ಕ್ರೂ, ನಟ್ಟುಬೋಲ್ಟು ಎಲ್ಲಕ್ಕೂ ಹಾಗೆಯೇ. ತೋಟಾದಲ್ಲೂ ಏಟು ತಿನ್ನುವುದು ಬುಡ. ಫೈರಿಂಗ್ ಪಿನ್ ಬಂದು ಕುಟ್ಟುವುದು ಅಲ್ಲಿ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಕೂತಿರುವುದು ಅಲ್ಲಿ. ತೋಟಾದ ತಲೆ ಅದರ ಬುಡವೇ. ಹಿತ್ತಾಳೆಯ ಆ ಚಕ್ರದ ಮೇಲೆ ಒತ್ತಿದ ಅಕ್ಷರಗಳನ್ನು ಹೆಡ್‌ಸ್ಟ್ಯಾಂಪ್ ಎನ್ನುವುದೂ ಇದೇ ಲೆಕ್ಕದಲ್ಲಿ. 1869ರಲ್ಲಿ ಶುರುವಾದ ನಮ್ಮ ಖಡಕಿ ಮದ್ದುಗುಂಡು ಕಾರ್ಖಾನೆಯ ತೋಟಾಗಳ ತಲೆಯ ಮೇಲೆ ‘ಕೆಎಫ್’ ಎಂದಿರುತ್ತದೆ: ಕಿರ್ಕೀ ಫ್ಯಾಕ್ಟರಿ. ಕಿರ್ಕೀ ಎಂದರೆ ಇಂಗ್ಲಿಷರ ಬಾಯಲ್ಲಿ ಪೆಟ್ಟು ತಿಂದ ಖಡಕಿ.

ಇನ್ನು ‘ಸ್ಪೇಸ್’. ಇದನ್ನು ಖಾಲಿ ಜಾಗ ಅಂದುಕೊಳ್ಳುವುದಕ್ಕೂ ಕಾರಣವಿದೆ. ಜಾಮು, ಉಪ್ಪಿನಕಾಯಿ ತುಂಬುವ ಉದ್ಯಮದವರು ಬಾಟಲಿಯ ಮುಚ್ಚಳದ ಕೆಳಗೆ ಬಿಡುವ ಸಂದಿಗೂ ಹೆಡ್‌ಸ್ಪೇಸ್ ಅಂತಲೇ ಹೇಳುತ್ತಾರೆ. ಹಿಂಜವಡಿಯ ಐಟಿ ಹುಡುಗರು ಮನಸ್ಸು ಸರಿಯಿಲ್ಲ ಎನ್ನಲು ಬಳಸುವ ಹೆಡ್‌ಸ್ಪೇಸಿನ ಸುದ್ದಿ ಬೇಡ. ಬಂದೂಕಿನಲ್ಲಿ ಅದು ಖಾಲಿ ಜಾಗವಲ್ಲ, ಒಂದು ಅಳತೆ: ಮುಚ್ಚಿದ ಬೋಲ್ಟಿನ (ತೋಟಾವನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ಅಗುಳಿ) ಮುಖದಿಂದ, ತೋಟಾ ಇನ್ನು ಮುಂದೆ ಹೋಗದಂತೆ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿನಲ್ಲಿ, ತಡೆಯುವ ಜಾಗದವರೆಗಿನ ದೂರ. .303ರಲ್ಲಿ ತಡೆ ಸಿಗುವುದು ಬುಡದ ಅಂಚಿಗೆ. ಆ ಅಂಚು ನಳಿಗೆಯ ಹಿಂಬದಿಗೆ ಬಂದು ಕೂರುತ್ತದೆ. ಮೌಸರ್ ಥರದ ರೈಫಲುಗಳ ತೋಟಾದಲ್ಲಿ ಅಂಚು ಹೊರಚಾಚಿಲ್ಲ, ಅಲ್ಲಿ ತಡೆ ತೋಟಾದ ಹೆಗಲಿಗೆ, ಅಂದರೆ ಅದು ಕಿರಿದಾಗುವ ಇಳಿಜಾರಿಗೆ. ತೋಟಾ ಕೂತ ಮೇಲೆ ಅದರ ತಲೆಗೂ ಬೋಲ್ಟಿಗೂ ನಡುವೆ ಉಳಿಯುವ ಕೂದಲೆಳೆಯ ಸಂದಿಗೆ ಬೇರೆಯೇ ಹೆಸರಿದೆ, ಹೆಡ್ ಕ್ಲಿಯರೆನ್ಸ್. ‘ನನ್ನ ರೈಫಲಿನ ಹೆಡ್‌ಸ್ಪೇಸ್ ಸೊನ್ನೆ’ ಎಂದು ಹೆಮ್ಮೆಪಡುವವರಿಗೆ ಈ ಎರಡೂ ಒಂದೇ. ಸೊನ್ನೆ ಇದ್ದರೆ ತೋಟಾದ ಮೇಲೆ ಬೋಲ್ಟೇ ಮುಚ್ಚುತ್ತಿರಲಿಲ್ಲ ಸ್ವಾಮಿ.

ಭೋಸರಿಯ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ಕೂತವನು ನಾನು. ಬಂದೂಕಿನ ಪಂಡಿತನಲ್ಲ. ಆದರೆ ಗೋ, ನೋ-ಗೋ ಗೇಜ್ ಅಂದರೆ ಏನು ಅಂತ ಗೊತ್ತು, ಇಲ್ಲಿಯ ಕೆಲಸವೂ ಅಷ್ಟೇ. .303ಕ್ಕೆ ಬ್ರಿಟಿಷ್ ಸೇನೆಯ ಲೆಕ್ಕದಲ್ಲಿ ಚಿಕ್ಕ ಗೇಜು (ಗೋ) 0.064 ಇಂಚು, ದೊಡ್ಡದು (ನೋ-ಗೋ) 0.074. ಚಿಕ್ಕದರ ಮೇಲೆ ಬೋಲ್ಟ್ ಮುಚ್ಚಬೇಕು, ದೊಡ್ಡದರ ಮೇಲೆ ಮುಚ್ಚಬಾರದು. ನಡುವಿನ ಅಂತರ ಹತ್ತು ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ), ಅಂದರೆ ಸುಮಾರು ಕಾಲು ಮಿಲಿಮೀಟರ್. ಬೆರಳ ತುದಿಯಿಂದ ಮೆಲ್ಲಗೆ ಒತ್ತಬೇಕು. ಅಂಗೈ ಹಾಕಿ ದೂಡಿದರೆ ಯಾವ ಗೇಜಾದರೂ ‘ಪಾಸು’. ಗೇಜಿನ ಬದಲು ತೋಟಾದ ಬುಡಕ್ಕೆ ಸೆಲೋಟೇಪ್ ಅಂಟಿಸಿ ಅಳೆಯುವವರಿದ್ದಾರೆ. ಒತ್ತಿದರೆ ಕುಗ್ಗುವ ವಸ್ತುವಿನಿಂದ ಥೌ ಅಳೆಯುವವನನ್ನು ನಮ್ಮ ಟೇಬಲ್ಲಿನ ಹತ್ತಿರ ಸೇರಿಸುತ್ತಿರಲಿಲ್ಲ.

ಈ ಕಾಲು ಮಿಲಿಮೀಟರಿಗೆ ಇಷ್ಟು ಗಲಾಟೆ ಯಾಕೆ? ಈಡು ಹಾರಿದಾಗ ಹಿತ್ತಾಳೆ ಕೋಶದ ಮುಂದಿನ ತೆಳುಭಾಗ ಉಬ್ಬಿ ಚೇಂಬರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ದಪ್ಪ ಬುಡ ಕಚ್ಚಿಕೊಳ್ಳುವುದಿಲ್ಲ, ಒತ್ತಡಕ್ಕೆ ಹಿಂದೆ ಸರಿದು ಬೋಲ್ಟಿಗೆ ಒರಗುತ್ತದೆ. ಹಿಂದೆ ಜಾಗ ಜಾಸ್ತಿ ಇದ್ದರೆ ಬುಡದಿಂದ ತುಸು ಮೇಲೆ ಹಿತ್ತಾಳೆ ಎಳೆದು ತೆಳ್ಳಗಾಗುತ್ತದೆ, ಕೊನೆಗೆ ಹರಿಯುತ್ತದೆ. ಅಲ್ಲಿಂದ ನುಗ್ಗುವ ಬಿಸಿ ಅನಿಲಕ್ಕೆ ಎದುರಿಗಿರುವುದು ಗುರಿ ಹಿಡಿದವನ ಕೆನ್ನೆ ಮತ್ತು ಕಣ್ಣು. ಹಾರಿಸಿದ ಕೋಶದ ಮೇಲೆ ಬುಡದ ಹತ್ತಿರ ಹೊಳೆಯುವ ಉಂಗುರ ಕಂಡರೆ ಅದು ಎಚ್ಚರಿಕೆ. ತುದಿ ಬಗ್ಗಿಸಿದ ತೆಳು ತಂತಿಯನ್ನು ಒಳಗಿಳಿಸಿ ಗೀರಿದರೆ ಅಲ್ಲಿ ಗುಳಿ ಕೈಗೆ ಹತ್ತುತ್ತದೆ. ಒಂದೇ ಕೋಶಕ್ಕೆ ಮತ್ತೆ ಮತ್ತೆ ಮದ್ದು ತುಂಬಿ ಬಳಸುವವರಿಗೆ ಈ ಕಾಯಿಲೆ ಬೇಗ ಬರುತ್ತದೆ. ರೈಫಲನ್ನು ಟೈರಿಗೆ ಕಟ್ಟಿ, ದೂರದಿಂದ ದಾರ ಎಳೆದು ಒಂದು ಈಡು ಹಾರಿಸಿ ‘ಗಟ್ಟಿ ಇದೆ’ ಎನ್ನುವ ಪರೀಕ್ಷೆ ನನಗೆ ಒಪ್ಪಿಗೆಯಾಗದಿರುವುದೂ ಇದಕ್ಕೇ. ಅದರಿಂದ ಗೊತ್ತಾಗುವುದು ಆ ಒಂದು ಈಡಿನ ಜಾತಕ ಮಾತ್ರ.

ನಳಿಗೆಯ ಹೊಳಪಿಗೆ ಇದರಲ್ಲಿ ಪಾತ್ರವೇ ಇಲ್ಲ. ನಳಿಗೆ ಸವೆದರೆ ಗುರಿ ಚದುರುತ್ತದೆ. ಹೆಡ್‌ಸ್ಪೇಸ್ ಕೆಡುವುದು ಬೋಲ್ಟು ಮತ್ತು ಅದು ಒರಗುವ ಜಾಗ ಸವೆದರೆ, ಅಥವಾ ಒಂದು ರೈಫಲಿನ ಬೋಲ್ಟು ಇನ್ನೊಂದಕ್ಕೆ ಸೇರಿದ್ದರೆ. ನಳಿಗೆ ನೋಡಬೇಕಾದ್ದು ಬೇರೆ ಕಾರಣಕ್ಕೆ: ದಾಸ್ತಾನಿನ ಗ್ರೀಸು, ಸಿಕ್ಕಿಬಿದ್ದ ಚಿಂದಿಬಟ್ಟೆ, ಹರಿದು ಉಳಿದ ಕೋಶದ ಚೂರು. ತೋಟಾ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ನೋಡಿಕೊಂಡು, ಬೆಳಕಿಗೆ ಹಿಡಿದರೆ ಮುಗಿಯಿತು. ಹಾಗೆಯೇ, ಗೇಜು ಪಾಸಾದರೆ ಎಲ್ಲ ಪಾಸು ಅಂತಲೂ ಅಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 1903 ಮಾದರಿಯಲ್ಲಿ 8,00,000ಕ್ಕಿಂತ ಕಡಿಮೆ ನಂಬರಿನ ಹಲವುಗಳ ಉಕ್ಕೇ ಪೆಡಸು. ಕುಲುಮೆಯಲ್ಲಿ ಕಾವನ್ನು ಕಣ್ಣಂದಾಜಿನಲ್ಲಿ ನೋಡಿದ್ದರ ಫಲ. ಅದನ್ನು ಯಾವ ಗೇಜೂ ಹೇಳುವುದಿಲ್ಲ.

ಅಳಿಯನಿಗೆ ಹೊಳಪು ಬಿಟ್ಟು ಬೋಲ್ಟಿನ ನಂಬರು ನೋಡು ಅಂದೆ. ರೈಫಲಿನ ಮೈಮೇಲೆ ಒಂದು, ಬೋಲ್ಟಿನ ಹಿಡಿಯ ಮೇಲೆ ಇನ್ನೊಂದು. ಗೇಜು ತರಿಸಿದ. ದೊಡ್ಡದರ ಮೇಲೂ ಬೋಲ್ಟು ಸಲೀಸಾಗಿ ಮುಚ್ಚಿತಂತೆ. ನಂಬರ್ 4ರಲ್ಲಿ ಬೋಲ್ಟಿನ ಮುಂಭಾಗ ತಿರುಗಿಸಿ ಬಿಚ್ಚಬಹುದು. 0ರಿಂದ 3ರವರೆಗೆ ಅಳತೆಗಳಿವೆ, ಒಂದಕ್ಕಿಂತ ಒಂದು ತುಸು ಉದ್ದ. ಅವನದರಲ್ಲಿದ್ದದ್ದು 1. ಈಗ 2 ಹುಡುಕುತ್ತಿದ್ದಾನೆ. ಅದಕ್ಕೆ ‘ಬೋಲ್ಟ್ ಹೆಡ್’ ಎನ್ನುತ್ತಾರೆ, ಆ ತಲೆ ಮಾತ್ರ ನಿಜವಾಗಿ ಮುಂದೆಯೇ ಇದೆ. ಅದನ್ನು ಅವನಿಗೆ ಹೇಳಲು ಹೋಗಲಿಲ್ಲ.