ಅಣಬೆ ಸಾರ: ಕ್ಯಾನ್ಸರ್ ಚಿಕಿತ್ಸೆಯಲ್ಲಿ ‘ಪೂರಕ’ ಎಂದರೇನು?

ಉಡುಪಿಯವರಿಗೆ ಪರ್ಯಾಯ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಒಂದು ಮಠದ ಸ್ವಾಮಿಗಳು ಕೃಷ್ಣಪೂಜೆಯ ಅಧಿಕಾರ ಬಿಟ್ಟುಕೊಡುತ್ತಾರೆ, ಇನ್ನೊಂದು ಮಠದವರು ಸರ್ವಜ್ಞ ಪೀಠ ಏರುತ್ತಾರೆ. ‘ಪರ್ಯಾಯ ಚಿಕಿತ್ಸೆ’ ಎಂಬ ಮಾತಿನಲ್ಲೂ ಇದೇ ಅರ್ಥವಿದೆ: ಕೀಮೋ ಇಳಿಯಬೇಕು, ಬೇರೊಂದು ಏರಬೇಕು. ‘ಪೂರಕ’ದಲ್ಲಿ ಯಾರೂ ಪೀಠ ಬಿಡುವುದಿಲ್ಲ. ಆಪರೇಶನ್, ಕೀಮೋ, ರೇಡಿಯೇಶನ್ ತಮ್ಮ ಪಾಡಿಗೆ ನಡೆಯುತ್ತವೆ, ಜೊತೆಗೆ ಇನ್ನೊಂದು ಸೇರುತ್ತದೆ. ಅಣಬೆ ಸಾರದ ಪರವಾಗಿ ಇರುವ ಗಟ್ಟಿ ಪುರಾವೆಯೆಲ್ಲ ಪೂರಕ ಬಳಕೆಯದ್ದು. ಅದನ್ನು ತೋರಿಸಿ ಪರ್ಯಾಯ ಎಂದು ಮಾರುವವರೇ ತೊಂದರೆ.

ಇಲ್ಲಿ ಹೇಳುತ್ತಿರುವುದು ಮೊದಲ ಮಳೆಗೆ ಮಾರುಕಟ್ಟೆಗೆ ಬರುವ ಕಲ್ಲಣಬೆಯ ವಿಷಯವಲ್ಲ. ರೀಷಿ, ಟರ್ಕಿ ಟೇಲ್, ಶಿಟಾಕೆ, ಮೈಟಾಕೆ — ಡಬ್ಬಿಗಳ ಮೇಲೆ ಕಾಣುವ ಹೆಸರುಗಳು ಇವು. ರೀಷಿ ಎಂದರೆ ಗ್ಯಾನೋಡರ್ಮಾ. ಅದರ ಬಳಗದ ಪರಿಚಯ ಅಡಿಕೆ ತೋಟದವರಿಗೆ ಇದ್ದೇ ಇದೆ: ‘ಅಣಬೆ ರೋಗ’ ಬಂದ ಮರದ ಬುಡದಲ್ಲಿ ವಾರ್ನಿಶ್ ಬಳಿದಂತೆ ಹೊಳೆಯುವ ಕೆಂಗಂದು ಅಣಬೆ ಎದ್ದಿರುತ್ತದಲ್ಲ, ಅದೇ. ಹಾಗಾದರೆ ಅದನ್ನೇ ಕಿತ್ತು ಕುದಿಸಿ ಕುಡಿದರಾಯಿತು ಎಂದುಕೊಳ್ಳಬೇಡಿ. ಗ್ಯಾನೋಡರ್ಮಾದಲ್ಲಿ ಹಲವು ಜಾತಿಗಳಿವೆ, ಕಣ್ಣಳತೆಯಲ್ಲಿ ಗುರುತು ಸಿಗುವುದಿಲ್ಲ. ಮೇಲಾಗಿ ಕೊಳೆರೋಗಕ್ಕೆಂದು ವರ್ಷ ವರ್ಷ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತು ಮರದಿಂದ ಇಳಿದು ಬುಡಕ್ಕೇ ಸೇರಿರುತ್ತದೆ. ಲೋಹಗಳನ್ನು ಹೀರಿಟ್ಟುಕೊಳ್ಳುವುದು ಅಣಬೆಗಳ ಜಾಯಮಾನ.

ಇನ್ನು ‘ಸಾರ’. ಪುಡಿ ಬೇರೆ, ಸಾರ ಬೇರೆ. ಕೆಲಸದ ವಸ್ತುವೆಂದು ಹೇಳುವ ಬೀಟಾ ಗ್ಲೂಕನ್ ಎಂಬ ನಾರು ಇರುವುದು ಅಣಬೆಯ ಕೋಶಗಳ ಗೋಡೆಯಲ್ಲಿ, ಕೈಟಿನ್ ಎಂಬ ಗಟ್ಟಿ ವಸ್ತುವಿನ ಜೊತೆ ಹೆಣೆದುಕೊಂಡು. ಒಣಗಿಸಿ ಬೀಸಿದ ಮಾತ್ರಕ್ಕೆ ಅದು ಬಿಡಿಸಿಕೊಳ್ಳುವುದಿಲ್ಲ. ಕಷಾಯದ ಹಾಗೆ ನೀರಿನಲ್ಲಿ ಹೊತ್ತು ಹಿಡಿದು ಕುದಿಸಿ, ಸೋಸಿ, ಬತ್ತಿಸಿ, ಒಣಗಿಸಿದರೆ ಸಿಗುವುದು ಸಾರ. ರೀಷಿಯಲ್ಲಿರುವ ಟ್ರೈಟರ್ಪೀನ್ ಎಂಬ ಕಹಿ ವಸ್ತುಗಳು ನೀರಿಗೆ ಸರಿಯಾಗಿ ಇಳಿಯವು, ಅವಕ್ಕೆ ಆಲ್ಕೊಹಾಲ್ ಬೇಕು. ಹಾಗಾಗಿ ಎರಡೂ ಬಗೆಯಲ್ಲಿ ತೆಗೆದ ರೀಷಿ ಸಾರ ನಾಲಿಗೆಗಿಟ್ಟರೆ ಚೆನ್ನಾಗಿ ಕಹಿಯಿರುತ್ತದೆ. ಸಪ್ಪೆಯಾಗಿದ್ದರೆ ಅನುಮಾನಿಸಬೇಕು.

ಡಬ್ಬಿಯ ಮೇಲೆ 10:1 ಎಂದಿದ್ದರೆ ಹತ್ತು ಕಿಲೋ ಅಣಬೆಯಿಂದ ಒಂದು ಕಿಲೋ ಸಾರ ಎಂದಷ್ಟೇ ಅರ್ಥ. ಒಳಗೇನಿದೆ ಎಂಬುದು ಅದರಿಂದ ತಿಳಿಯದು. ‘ಪಾಲಿಸ್ಯಾಕರೈಡ್ (ಸಕ್ಕರೆ ಅಣುಗಳ ಉದ್ದ ಸರಪಳಿ) 40%’ ಎಂಬುದೂ ಅಷ್ಟೇ, ಯಾಕೆಂದರೆ ಗಂಜಿಯ ಪಿಷ್ಟವೂ ಪಾಲಿಸ್ಯಾಕರೈಡೇ. ಅಣಬೆಯ ಬೀಜವನ್ನು ಜೋಳದ ಮೇಲೆ ಬೆಳೆಸುವುದು ಚಿಪ್ಪಣಬೆ ಬೆಳೆಯುವವರಿಗೆ ಗೊತ್ತು. ಕೆಲವು ಕಂಪೆನಿಗಳು ಅಣಬೆ ಏಳುವವರೆಗೂ ಕಾಯದೆ ಆ ಬಿಳಿ ನೂಲಿನ ಜಾಲವನ್ನು ಧಾನ್ಯದ ಸಮೇತ ಬೀಸಿ ತುಂಬಿಸುತ್ತವೆ. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಅರ್ಧ ಚಮಚ ಪುಡಿಯನ್ನು ಅರ್ಧ ಲೋಟ ಬಿಸಿನೀರಿಗೆ ಕಲಸಿ, ಪೂರ್ತಿ ಆರಿದ ಮೇಲೆ ಎರಡು ಹನಿ ಟಿಂಕ್ಚರ್ ಅಯೋಡಿನ್ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟವಿದೆ. ಬಿಸಿಯಿರುವಾಗ ಹಾಕಿದರೆ ಬಣ್ಣ ನಿಲ್ಲುವುದಿಲ್ಲ, ಮೋಸ ಹೋಗುತ್ತೀರಿ. ಆ ಲೋಟದ ನೀರನ್ನು ಚೆಲ್ಲಿಬಿಡಿ. ಕೊಳ್ಳುವಾಗ ನೋಡಬೇಕಾದದ್ದು ಬೀಟಾ ಗ್ಲೂಕನ್ ಪ್ರಮಾಣ, ಸೀಸ–ಕ್ಯಾಡ್ಮಿಯಂ ಪರೀಕ್ಷೆಯ ವರದಿ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ. ಆ ಸಂಖ್ಯೆ ಇದು ಆಹಾರ ಎನ್ನುತ್ತದೆಯೇ ಹೊರತು ಔಷಧ ಎನ್ನುವುದಿಲ್ಲ. ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಹಾಗೆ ಬರೆದ ಡಬ್ಬಿ ಕಂಡರೆ ಅಲ್ಲಿಯೇ ಬಿಟ್ಟು ಬನ್ನಿ.

ಪುರಾವೆ ಎಷ್ಟಿದೆ? ಟರ್ಕಿ ಟೇಲ್‌ನಿಂದ ತೆಗೆದ ಪಿಎಸ್‌ಕೆ ಎಂಬ ಸಾರ ಜಪಾನಿನಲ್ಲಿ 1977ರಿಂದ ಔಷಧವಾಗಿಯೇ ಮಾನ್ಯತೆ ಪಡೆದಿತ್ತು, ದಿನಕ್ಕೆ 3 ಗ್ರಾಂ, ಕೀಮೋ ಜೊತೆಗೆ. 1994ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ ಜಠರದ ಕ್ಯಾನ್ಸರಿಗೆ ಆಪರೇಶನ್ ಆದ 262 ಜನರಿದ್ದರು. ಕೀಮೋ ಜೊತೆ ಪಿಎಸ್‌ಕೆ ತೆಗೆದುಕೊಂಡವರಲ್ಲಿ ಐದು ವರ್ಷಕ್ಕೆ 73% ಬದುಕಿದ್ದರು, ಬರೀ ಕೀಮೋ ಪಡೆದವರಲ್ಲಿ 60%. ಆದರೆ ಅಂದಿನ ಕೀಮೋ ಇಂದಿನದಲ್ಲ, ಆ ಪಿಎಸ್‌ಕೆ ಅಂಗಡಿಯ ಕ್ಯಾಪ್ಸೂಲೂ ಅಲ್ಲ. ಶಿಟಾಕೆಯಿಂದ ತೆಗೆದ ಲೆಂಟಿನಾನ್ ಎಂಬ ಬೀಟಾ ಗ್ಲೂಕನ್ ಅಲ್ಲಿ ಇಂಜೆಕ್ಷನ್ ಆಗಿ ಬಳಕೆಯಾದದ್ದು. ಪಲ್ಯದಲ್ಲಿ ಶಿಟಾಕೆ ತಿಂದು ಅದೇ ಫಲ ನಿರೀಕ್ಷಿಸುವಂತಿಲ್ಲ. ರೀಷಿಯ ಬಗ್ಗೆ ಕಾಕ್ರೇನ್ ವಿಮರ್ಶೆಗೆ (ಇರುವ ಅಧ್ಯಯನಗಳನ್ನೆಲ್ಲ ಕಲೆಹಾಕಿ ತೂಗುವ ವರದಿ) ಸಿಕ್ಕಿದ್ದು ಐದು ಅಧ್ಯಯನ, 373 ಜನ. ಅದು ಹೇಳುವುದು: ಒಂಟಿಯಾಗಿ ಕೊಡಲು ಆಧಾರವಿಲ್ಲ, ಚಿಕಿತ್ಸೆಯ ಜೊತೆಗೆ ಯೋಚಿಸಬಹುದು.

ಕೆಡುವುದು ಎಲ್ಲಿ? ಹೆಚ್ಚಿನ ಕಡೆ ಡಾಕ್ಟರಿಗೆ ಹೇಳದೆ ಇರುವಲ್ಲಿ. ರೀಷಿ ಪುಡಿಯಿಂದ ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳಿವೆ. ಲಿವರಿನ ರಕ್ತಪರೀಕ್ಷೆಯಾದ ಎಲ್‌ಎಫ್‌ಟಿಯಲ್ಲಿ ಅಂಕಿ ಏರಿದಾಗ ಡಾಕ್ಟರು ಕೀಮೋವನ್ನೇ ಶಂಕಿಸಿ ಮುಂದಿನ ಸುತ್ತು ಮುಂದೂಡುತ್ತಾರೆ, ನಷ್ಟ ರೋಗಿಗೆ. ರಕ್ತ ಹೆಪ್ಪುಗಟ್ಟಲು ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟುವುದನ್ನು ರೀಷಿ ತಗ್ಗಿಸಬಹುದು. ಕೀಮೋದಿಂದ ಪ್ಲೇಟ್‌ಲೆಟ್ ಎಣಿಕೆ ಇಳಿದಿದ್ದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ನಡೆಯುತ್ತಿದ್ದರೆ ಬೇಡ. ಆಪರೇಶನ್‌ಗೆ ಎರಡು ವಾರ ಮೊದಲೇ ನಿಲ್ಲಿಸುವುದು ರೂಢಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇರುವವರಿಗೆ ಶುಗರ್ ಕೆಳಗಿಳಿಯಬಹುದು. ಚಾಗಾ ಎಂಬ ಇನ್ನೊಂದು ಅಣಬೆಯಲ್ಲಿ ಕಿಡ್ನಿಗೆ ಹೊರೆಯಾಗುವ ಆಕ್ಸಲೇಟ್ ಹೆಚ್ಚು. ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧ ಮೊದಲೇ ಕಿಡ್ನಿಗೆ ಭಾರ, ಅದರ ಮೇಲೆ ಇದೊಂದು. ಮೂಳೆಮಜ್ಜೆ ಕಸಿಯಾಗಿ ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರಲ್ಲಿ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿರುತ್ತಾರೆ, ಅಲ್ಲಿ ಅದನ್ನು ಕೆರಳಿಸುವ ಸಾರ ತದ್ವಿರುದ್ಧ ಕೆಲಸ. ಇಮ್ಯುನೋಥೆರಪಿ (ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ನಡೆಯುತ್ತಿದ್ದರೂ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಡಾಕ್ಟರು ಒಪ್ಪಿದರೆ ಒಂದು ಸಲಕ್ಕೆ ಒಂದೇ ಸಾರ ಶುರುಮಾಡಿ. ಮೂರನ್ನು ಒಟ್ಟಿಗೆ ತೊಡಗಿದರೆ ಹೊಟ್ಟೆ ಕೆಟ್ಟದ್ದು ಯಾವುದರಿಂದ ಎಂದು ಪತ್ತೆಯಾಗದು. ಶುರು ಮಾಡುವ ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆ), ಎಲ್‌ಎಫ್‌ಟಿ ಆಗಿರಲಿ. ಡಬ್ಬಿಯ ಎರಡೂ ಬದಿಯ ಫೋಟೋ, ಶುರು ಮಾಡಿದ ತಾರೀಕು, ಪ್ರಮಾಣ ಫೈಲಿನಲ್ಲಿರಲಿ. ಡೇ ಕೇರ್‌ಗೆ ಹೋದಾಗ ‘ಬೇರೆ ಮಾತ್ರೆ ಏನಾದರೂ?’ ಎಂದು ನರ್ಸ್ ಕೇಳಿದರೆ ಇದನ್ನೂ ಹೇಳಬೇಕು. ಮನೆಯವರು ‘ಅದು ಬರೀ ಅಣಬೆ’ ಎಂದು ಬಿಟ್ಟುಬಿಡುವುದು ಅಲ್ಲಿಯೇ. ಕೀಮೋ ಆಗಿ ಸುಮಾರು ಒಂದರಿಂದ ಎರಡು ವಾರದ ನಡುವೆ ಬಿಳಿರಕ್ತಕಣ ತೀರ ಇಳಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು, ಇಮ್ಯುನಿಟಿಗೆ ಸಾರ ಇದೆಯಲ್ಲ ಎಂದು ಬೆಳಗಿನ ತನಕ ಕಾಯುವಂತಿಲ್ಲ.

ಕರಾವಳಿಯ ಮಳೆಗಾಲದ ತೇವಕ್ಕೆ ಸಾರದ ಪುಡಿ ಬೇಗ ಗಟ್ಟಿಯಾಗುತ್ತದೆ. ಡಬ್ಬಿಯೊಳಗಿನ ಸಿಲಿಕಾ ಪೊಟ್ಟಣ ಬಿಸಾಡಬೇಡಿ, ಒಣ ಚಮಚವನ್ನೇ ಹಾಕಿ, ಸಣ್ಣ ಡಬ್ಬಿ ಕೊಳ್ಳಿ. ಗಟ್ಟಿಯಾದ ಪುಡಿಗೆ ಬೂಷ್ಟು ಹಿಡಿದ ವಾಸನೆ ಬಂದರೆ ಬೆಲೆ ನೋಡದೆ ಎಸೆಯಿರಿ.