ಒಂದೆಲಗ, ಅರಿಶಿನ, ಸ್ನೋಡ್ರಾಪ್: ಮರೆವಿನ ಕಾಯಿಲೆಗೆ ಗಿಡದ ಮದ್ದು

ಮರೆವಿನ ಕಾಯಿಲೆಗೆ ಗಿಡದ ಮದ್ದು ಎಂಬ ಈ ಪಾಠ ಶುರುವಾದಾಗ ನನಗೆ ಅಜ್ಜಿಯ ನೆನಪಾಯ್ತು. ಕೊನೆಯ ವರ್ಷಗಳಲ್ಲಿ ಅವರು ಕುಡಿದ ಲೋಟ ಕೆಳಗಿಟ್ಟ ಕೂಡಲೇ "ಇನ್ನೂ ಕಾಫಿ ಕೊಡಲೇ ಇಲ್ವಲ್ಲ" ಅನ್ನುತ್ತಿದ್ದರು. ಮನೆಗೆ ಬಂದವರೆಲ್ಲ ಒಂದೆಲಗದ ತಂಬುಳಿ ಮಾಡಿಕೊಡಿ ಅಂದರು. ಮಾಡಿಕೊಟ್ಟೆವು. ಹಾಗಾಗಿ ಈ ಪಾಠವನ್ನು ಸ್ವಲ್ಪ ಜಾಸ್ತಿಯೇ ಓದಿದ್ದೇನೆ.

ಮೊದಲು ಅಸೆಟೈಲ್‌ಕೋಲಿನ್ ಅರ್ಥವಾಗಬೇಕು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬಿಡುವ ರಾಸಾಯನಿಕ ಇದು. ಸುದ್ದಿ ಮುಟ್ಟಿದ ಮೇಲೆ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಥಟ್ಟನೆ ಒಡೆದುಹಾಕುತ್ತದೆ. ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಬಂದವರಲ್ಲಿ ಇದನ್ನು ತಯಾರಿಸುವ ನರಕೋಶಗಳೇ ಸಾಯುತ್ತಾ ಹೋಗುತ್ತವೆ. ಆಗ ಉಳಿದಿರುವ ಚೂರುಪಾರನ್ನಾದರೂ ಒಡೆಯದಂತೆ ಕಾಪಾಡಬೇಕು, ಅಲ್ವಾ? ಅದಕ್ಕೆ ಕಿಣ್ವದ ಕೈ ಕಟ್ಟಬೇಕು.

ಗ್ಯಾಲಂಟಮೀನ್ ಎಂಬ ಔಷಧಿ ಮಾಡುವುದು ಇದನ್ನೇ. 1950ರ ದಶಕದ ಆರಂಭದಲ್ಲಿ ಸೋವಿಯತ್ ವಿಜ್ಞಾನಿಗಳು ಕಾಕಸಸ್ ಬೆಟ್ಟಗಳ ಸ್ನೋಡ್ರಾಪ್ ಗಿಡದಿಂದ ಇದನ್ನು ಬೇರ್ಪಡಿಸಿದರು. ಬಲ್ಗೇರಿಯಾದಲ್ಲಿ ದಿಮಿತರ್ ಪಾಸ್ಕೊವ್ ಇದರಿಂದ ನಿವಾಲಿನ್ ಎಂಬ ಔಷಧಿ ಮಾಡಿದರು. ಆಗ ಅದು ಪೋಲಿಯೋ ರೋಗಿಗಳಿಗೆ ಹೋಗುತ್ತಿತ್ತು. ಅಲ್ಝೈಮರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಸಾಮಾನ್ಯವಾಗಿ ದಿನಕ್ಕೆ 8 ಮಿ.ಗ್ರಾಂನಿಂದ ಶುರುಮಾಡಿ ನಿಧಾನ ಏರಿಸುತ್ತಾರೆ, ಯಾಕೆಂದರೆ ವಾಕರಿಕೆ ಬರುತ್ತದೆ.

ಇದೇ ಕೆಲಸ ಮಾಡುವ ಇನ್ನೊಂದು ಔಷಧಿ ರಿವಾಸ್ಟಿಗ್ಮಿನ್. ಅದು ಗಿಡದಿಂದ ನೇರವಾಗಿ ಬಂದದ್ದಲ್ಲ, ಆದರೆ ಅದರ ಮೂಲ ಮಾದರಿ ನೈಜೀರಿಯಾದ ಕಲಬಾರ್ ಕಾಳಿನಲ್ಲಿರುವ ಫೈಸೊಸ್ಟಿಗ್ಮಿನ್ ಎಂಬ ವಿಷ. ಆರೋಪ ಹೊತ್ತವನು ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಪರೀಕ್ಷಿಸಲು ಅಲ್ಲಿ ಹಿಂದೆ ಅವನಿಗೆ ಈ ವಿಷದ ಕಾಳನ್ನು ತಿನ್ನಿಸುತ್ತಿದ್ದರು!

ಇಲ್ಲೊಂದು ಮಾತು ಗೆರೆ ಎಳೆದು ಬರೆದುಕೊಳ್ಳಿ. ಇವೆರಡೂ ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಕೋಶಗಳು ಸಾಯುವುದು ಸಾಯುತ್ತಲೇ ಇರುತ್ತವೆ. ಕೆಲವರಿಗೆ ಕೆಲವು ಕಾಲ ದಿನ ಸ್ವಲ್ಪ ಸಲೀಸಾಗುತ್ತದೆ, ಅಷ್ಟೇ. ಆ ಅಷ್ಟನ್ನು ನಾನು ಸಣ್ಣದೆಂದು ಅಂದುಕೊಳ್ಳುವುದಿಲ್ಲ.

ಈಗ ನಮ್ಮ ಒಂದೆಲಗ. ಎಲ್ಲರೂ ಎಡವುವ ಜಾಗ ಇದು. ಗದ್ದೆಬದಿಯಲ್ಲಿ ಹಬ್ಬುವ, ಒಂದೇ ತೊಟ್ಟಿಗೆ ಒಂದೇ ದುಂಡನೆಯ ಎಲೆ, ತೊಟ್ಟು ಸೇರುವಲ್ಲಿ ಸೀಳು ಇರುವುದು ಒಂದೆಲಗ, ಅಂದರೆ ಸೆಂಟೆಲ್ಲಾ. ಸಣ್ಣ, ದಪ್ಪ, ರಸ ತುಂಬಿದ ಎಲೆಗಳು ಎದುರುಬದುರು ಇದ್ದು, ಅಗಿದರೆ ಕಹಿ ಕಚ್ಚುವುದು ನೀರುಬ್ರಾಹ್ಮಿ, ಅಂದರೆ ಬಕೋಪಾ. ನಮ್ಮ ಕಡೆ ಎರಡಕ್ಕೂ ಬ್ರಾಹ್ಮಿ ಅನ್ನುತ್ತಾರೆ. ನೆನಪಿಗೆ ಒಳ್ಳೆಯದು ಎನ್ನುವ ಬಕೋಸೈಡ್ ಎಂಬ ಅಂಶ ಇರುವುದು ಎರಡನೆಯದರಲ್ಲಿ. ಆರೋಗ್ಯವಂತ ಹಿರಿಯರ ಮೇಲೆ ನಡೆದ 12 ವಾರಗಳ ಸಣ್ಣ ಪ್ರಯೋಗಗಳಲ್ಲಿ ನೀರುಬ್ರಾಹ್ಮಿ ನೆನಪಿಗೆ ಕೊಂಚ ನೆರವಾದದ್ದು ಕಂಡಿದೆ. ಆರೋಗ್ಯವಂತರ ನೆನಪು ಚುರುಕಾಗುವುದು ಬೇರೆ, ಡಿಮೆನ್ಷಿಯಾ, ಅಂದರೆ ಅಲ್ಝೈಮರ್‌ನಂಥ ಮರೆವಿನ ಕಾಯಿಲೆ, ತಡೆಯುವುದು ಬೇರೆ.

ನೆನಪಿಗೆಂದು ಮಾರುವ ಗಿಂಕ್ಗೊ ಮರದ ಎಲೆಯ ಸಾರದ ವಿಷಯ ಬೇಗ ಮುಗಿಯುತ್ತದೆ. ಅಮೆರಿಕದಲ್ಲಿ 75 ದಾಟಿದ 3,069 ಜನರನ್ನು ಸುಮಾರು ಆರು ವರ್ಷ ನೋಡಿದರು. ಗಿಂಕ್ಗೊ ತಿಂದವರಲ್ಲಿ 277 ಜನರಿಗೆ, ಮದ್ದಿಲ್ಲದ ಸುಮ್ನೆ ಗುಳಿಗೆ ತಿಂದವರಲ್ಲಿ 246 ಜನರಿಗೆ ಡಿಮೆನ್ಷಿಯಾ ಬಂತು. 2008ರಲ್ಲಿ ಫಲಿತಾಂಶ ಹೊರಬಂತು: ಅದು ತಡೆಯುವುದಿಲ್ಲ.

ಅರಿಶಿನದ ಕರ್ಕ್ಯುಮಿನ್ ಗಾಜಿನ ನಳಿಕೆಯಲ್ಲಿ ಅಮಿಲಾಯ್ಡ್‌ಗೆ, ಅಂದರೆ ಅಲ್ಝೈಮರ್ ಬಂದವರ ಮಿದುಳಲ್ಲಿ ಗಂಟುಗಟ್ಟುವ ಪ್ರೋಟೀನ್‌ಗೆ, ಚೆನ್ನಾಗಿ ಅಂಟಿಕೊಳ್ಳುತ್ತದೆ. ಆದರೆ ತಿಂದರೆ ಕರುಳು ಮತ್ತು ಲಿವರ್ ಅದನ್ನು ಬೇಗ ಬದಲಾಯಿಸಿಬಿಡುತ್ತವೆ, ರಕ್ತಕ್ಕೆ ಸಿಗುವುದೇ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ 20 ಮಿ.ಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಏರಿತು. ರಕ್ತದಲ್ಲಿ ಏರಿತು ಎಂದ ಮಾತ್ರಕ್ಕೆ ನೆನಪು ಉಳಿಯಿತು ಎಂದಲ್ಲ. ಜೊತೆಗೆ, ಪೈಪರಿನ್ ಕಟ್ಟಿಹಾಕುವ ಲಿವರ್ ಕಿಣ್ವಗಳೇ ಬೇರೆ ಎಷ್ಟೋ ಮಾತ್ರೆಗಳನ್ನೂ ಕರಗಿಸುವಂಥವು. ಹಾಗಾಗಿ ಬಿಪಿ, ಫಿಟ್ಸ್ ಮಾತ್ರೆ ತಗೊಳ್ಳುವ ಹಿರಿಯರಿಗೆ ಕರ್ಕ್ಯುಮಿನ್-ಪೈಪರಿನ್ ಗುಳಿಗೆ ತರುವ ಮೊದಲು, ಅದರ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಸಾರಿಗೆ ಹಾಕುವ ಮೆಣಸಿಗೆ ಈ ಮಾತು ಬೇಡ.