ಜಯನಗರದ 16 ವೋಟು

2023ರ ಮೇ 13. ರಾಜ್ಯ ವಿಧಾನಸಭೆಯ ಫಲಿತಾಂಶ ಮಧ್ಯಾಹ್ನದ ಹೊತ್ತಿಗೇ ಗೊತ್ತಾಗಿತ್ತು. ಕಾಂಗ್ರೆಸ್‌ಗೆ ಸ್ಪಷ್ಟ ಬಹುಮತ. ಊರೆಲ್ಲ ಪಟಾಕಿ ಸದ್ದು. ಬೆಂಗಳೂರಿನ ಜಯನಗರದ ಎಣಿಕೆ ಮಾತ್ರ ರಾತ್ರಿಯಾದರೂ ಮುಗಿಯಲಿಲ್ಲ. ಒಳಗೆ ಅಂಚೆ ಮತಗಳನ್ನು ಮತ್ತೆ ತೆಗೆದು ನೋಡುತ್ತಿದ್ದರು, ಹೊರಗೆ ಎರಡೂ ಪಕ್ಷದ ಜನ ಜಮಾಯಿಸಿದ್ದರು. ಕೊನೆಗೆ ಬಂದ ಲೆಕ್ಕ ಇದು: ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ 57,781.

ಅಂತರ 16. ಒಂದು ಸಣ್ಣ ಅಪಾರ್ಟ್‌ಮೆಂಟಿನ ಎರಡು ಮಹಡಿಯಲ್ಲಿ ಅಷ್ಟು ಜನ ಸಿಗುತ್ತಾರೆ.

ಜಯನಗರ ಅಂದರೆ ಬಿಜೆಪಿ ಕೋಟೆ ಅನ್ನೋ ಮಾತನ್ನು ಟಿವಿಯಲ್ಲಿ, ಕಟ್ಟೆಯಲ್ಲಿ ಎಲ್ಲ ಕಡೆ ಕೇಳುತ್ತೇವೆ. ಕೋಟೆ ಆಗಿದ್ದರೆ 16 ವೋಟಿನಲ್ಲಿ ಉಳಿಯುತ್ತಿತ್ತಾ? ನನ್ನ ಪ್ರಕಾರ ಈ ಬಡಾವಣೆಯ ವೋಟಿನ ಕಥೆ ಬಿಜೆಪಿಗಿಂತ ಹಳೆಯದು.

1977ಕ್ಕೆ ಹೋಗೋಣ. ತುರ್ತುಪರಿಸ್ಥಿತಿ ಮುಗಿದ ಮೇಲಿನ ಚುನಾವಣೆ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನ ಗೆದ್ದಿತು. ತಪ್ಪಿಹೋದದ್ದು ಎರಡೇ. ಅದರಲ್ಲೊಂದು ಬೆಂಗಳೂರು ದಕ್ಷಿಣ, ಜಯನಗರ ಸೇರಿರುವ ಲೋಕಸಭಾ ಕ್ಷೇತ್ರ. ಗೆದ್ದವರು ಜನತಾ ಪಕ್ಷದ ಕೆ.ಎಸ್. ಹೆಗ್ಡೆ. 1973ರಲ್ಲಿ ಹಿರಿತನ ಬದಿಗಿಟ್ಟು ಬೇರೊಬ್ಬರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮಾಡಿದಾಗ, ರಾಜೀನಾಮೆ ಕೊಟ್ಟು ಹೊರಬಂದ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು. ಸರ್ಕಾರಿ ನೌಕರರು, ಮೇಷ್ಟ್ರುಗಳು, ಬ್ಯಾಂಕಿನವರು ಮನೆ ಕಟ್ಟಿಕೊಂಡಿದ್ದ ಬಡಾವಣೆಗಳಲ್ಲಿ ಅಂಥವರಿಗೆ ಎಷ್ಟು ಮರ್ಯಾದೆ ಇತ್ತು ಅಂತ ಊಹಿಸಬಹುದು. ಮುಂದೆ ಅವರು ಲೋಕಸಭೆಯ ಸ್ಪೀಕರ್ ಆದರು.

1980ರ ಜನವರಿಯಲ್ಲಿ ಇಂದಿರಾ ಗಾಂಧಿ ವಾಪಸ್ ಬಂದರು. ಕರ್ನಾಟಕದ 28ರಲ್ಲಿ 27 ಕಾಂಗ್ರೆಸ್ ಪಾಲಾಯಿತು. ಉಳಿದ ಆ ಒಂದು ಯಾವುದು? ಮತ್ತೆ ಬೆಂಗಳೂರು ದಕ್ಷಿಣ. ಜನತಾ ಪಕ್ಷದ ಟಿ.ಆರ್. ಶಾಮಣ್ಣ ಗೆದ್ದರು. ಇಲ್ಲಿ ಒಂದು ತಾರೀಖು ನೆನಪಿಡಬೇಕು. ಬಿಜೆಪಿ ಹುಟ್ಟಿದ್ದೇ ಆ ವರ್ಷದ ಏಪ್ರಿಲ್‌ನಲ್ಲಿ. ಅಂದರೆ ಕಾಂಗ್ರೆಸ್ ಬೇಡ ಅನ್ನೋ ಅಭ್ಯಾಸ ಇಲ್ಲಿ ಮೊದಲೇ ಬೇರು ಬಿಟ್ಟಿತ್ತು. ಆ ಬೇರಿಗೆ ಆಮೇಲೆ ಕಮಲ ಕಸಿ ಆಯಿತು. 1991ರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಕೆ. ವೆಂಕಟಗಿರಿಗೌಡರು ಬಿಜೆಪಿಯಿಂದ ಗೆದ್ದರು. 1996ರಿಂದ 2014ರವರೆಗೆ ಅನಂತಕುಮಾರ್ ಸತತ ಆರು ಸಲ. 1977ರಿಂದ ಇಲ್ಲಿಯವರೆಗೆ ಲೋಕಸಭೆಗೆ ಕಾಂಗ್ರೆಸ್ ಗೆದ್ದಿದ್ದು ಒಂದೇ ಒಂದು ಸಲ, 1989ರಲ್ಲಿ ಆರ್. ಗುಂಡೂರಾವ್.

ಇಷ್ಟೇ ನೋಡಿದರೆ ಕೋಟೆ ಅನ್ನೋದು ಸರಿ ಅನ್ನಿಸುತ್ತದೆ, ಅಲ್ವಾ? ಈಗ ವಿಧಾನಸಭೆ ನೋಡಿ.

1989ರಿಂದ 2004ರವರೆಗೆ ನಾಲ್ಕು ಚುನಾವಣೆ. ಜಯನಗರದಲ್ಲಿ ನಾಲ್ಕೂ ಗೆದ್ದವರು ಕಾಂಗ್ರೆಸ್‌ನ ರಾಮಲಿಂಗಾರೆಡ್ಡಿ. 1994ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 34 ಸ್ಥಾನಕ್ಕೆ ಕುಸಿದಾಗಲೂ ಅವರು ಉಳಿದುಕೊಂಡರು. 1999 ಮತ್ತು 2004ರಲ್ಲಂತೂ ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೇ ನಡೆದವು. ಲೋಕಸಭೆಗೆ ಅನಂತಕುಮಾರ್ ಗೆದ್ದರು, ಜಯನಗರದ ಶಾಸಕರಾಗಿ ರಾಮಲಿಂಗಾರೆಡ್ಡಿ. ಲೋಕಸಭಾ ಕ್ಷೇತ್ರ ದೊಡ್ಡದು, ನಿಜ. ಆದರೂ ಒಂದೇ ಬೂತಿಗೆ ಹೋಗಿ ಎರಡು ಪಕ್ಷಕ್ಕೆ ಒತ್ತಿ ಬಂದ ಮನೆಗಳು ಇಲ್ಲಿ ಬೇಕಾದಷ್ಟಿವೆ. "ಮೇಲೆ ಅವರು, ಇಲ್ಲಿ ಇವರು" ಅಂತ ಹಿರಿಯರು ಈಗಲೂ ಸಲೀಸಾಗಿ ಹೇಳುತ್ತಾರೆ. ನೀರು, ಚರಂಡಿ, ಖಾತೆ ಕೆಲಸಕ್ಕೆ ಕೈಗೆ ಸಿಗುವವರು ಬೇಕು. ಅದು ಅವರ ಲೆಕ್ಕ.

2008ರಲ್ಲಿ ಕ್ಷೇತ್ರಗಳ ಗಡಿ ಬದಲಾಯಿತು. ರಾಮಲಿಂಗಾರೆಡ್ಡಿ ಹೊಸದಾದ ಬಿಟಿಎಂ ಲೇಔಟ್ ಕ್ಷೇತ್ರಕ್ಕೆ ಹೋದರು. ಜಯನಗರದಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್ ಗೆದ್ದರು. 2013ರಲ್ಲಿ ಅವರ ಪಕ್ಷ ರಾಜ್ಯದಲ್ಲಿ 40ಕ್ಕೆ ಇಳಿದಾಗಲೂ ಮತ್ತೆ ಗೆದ್ದರು. 2018ರ ಮೇನಲ್ಲಿ ಪ್ರಚಾರದ ನಡುವೆಯೇ ಕುಸಿದು ತೀರಿಕೊಂಡರು. ಮುಂದೆ ಹೋದ ಚುನಾವಣೆ ಜೂನ್ 11ಕ್ಕೆ ನಡೆಯಿತು. ಜೆಡಿಎಸ್ ಅಭ್ಯರ್ಥಿ ಹಿಂದೆ ಸರಿದರು. ರಾಮಲಿಂಗಾರೆಡ್ಡಿಯವರ ಮಗಳು ಸೌಮ್ಯಾ ರೆಡ್ಡಿ, ವಿಜಯಕುಮಾರ್ ತಮ್ಮ ಪ್ರಹ್ಲಾದ್ ಬಾಬು ಅವರನ್ನು 2,889 ವೋಟಿನಿಂದ ಸೋಲಿಸಿದರು. ಐದು ವರ್ಷದ ಮೇಲೆ ಆ 16.

ಇನ್ನೊಂದು ವಿಷಯ ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಜಯನಗರ ಅನ್ನೋ ಕ್ಷೇತ್ರವೂ ಜಯನಗರ ಅನ್ನೋ ಬಡಾವಣೆಯೂ ಒಂದೇ ಅಲ್ಲ. ಬಡಾವಣೆಯ ಕೆಲವು ಬ್ಲಾಕುಗಳು ಬೇರೆ ಕ್ಷೇತ್ರಕ್ಕೆ ಸೇರಿವೆ. ಕ್ಷೇತ್ರದೊಳಗೆ ಜೆ.ಪಿ. ನಗರ, ಶಾಕಾಂಬರಿನಗರ, ಪಟ್ಟಾಭಿರಾಮನಗರದ ಮರದ ಸಾಲಿನ ರಸ್ತೆಗಳಿವೆ. ಹಳೇ ಊರುಗಳಾದ ಭೈರಸಂದ್ರ, ಸಾರಕ್ಕಿ ಇವೆ. ಮುಸ್ಲಿಮರು ಜಾಸ್ತಿ ಇರುವ ತಿಲಕನಗರ, ಗುರಪ್ಪನಪಾಳ್ಯ ಇವೆ. 2015ರ ಪಾಲಿಕೆ ಚುನಾವಣೆಯಲ್ಲಿ ಪಟ್ಟಾಭಿರಾಮನಗರ ಬಿಜೆಪಿಗೆ, ಗುರಪ್ಪನಪಾಳ್ಯ ಕಾಂಗ್ರೆಸ್‌ಗೆ ಹೋದವು. ಎರಡೂ ಕಡೆಯವರು ತರಕಾರಿಗೆ, ಬಟ್ಟೆಗೆ ಬರೋದು ಅದೇ ನಾಲ್ಕನೇ ಬ್ಲಾಕಿಗೆ. ಸುಮ್ನೆ "ಜಯನಗರದವರು ಹೀಗೆ" ಅಂದುಬಿಟ್ಟರೆ ಇವರಲ್ಲಿ ಅರ್ಧ ಜನ ಲೆಕ್ಕಕ್ಕೇ ಬರೋದಿಲ್ಲ. ನನಗೆ ಬೇಜಾರಾಗೋದು ಅಲ್ಲಿ.

ವೋಟು ಹಾಕದವರ ಬಗ್ಗೆ ಇನ್ನೂ ಬೇಜಾರು. 2024ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಶೇ 70 ದಾಟಿತು. ಏಪ್ರಿಲ್ 26ರಂದು ವೋಟು ಹಾಕಿದ ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ 53. ಅವತ್ತು ಶುಕ್ರವಾರ, ಹಿಂದೆಯೇ ಶನಿವಾರ, ಭಾನುವಾರ. 16 ವೋಟಿನಿಂದ ಸೋತಿದ್ದ ಸೌಮ್ಯಾ ರೆಡ್ಡಿಯೇ ಕಾಂಗ್ರೆಸ್ ಅಭ್ಯರ್ಥಿ. ಬಿಜೆಪಿಯ ತೇಜಸ್ವಿ ಸೂರ್ಯ ಆಕೆಯನ್ನು 2,77,083 ವೋಟಿನಿಂದ ಸೋಲಿಸಿದರು.

ಆ ಶುಕ್ರವಾರ ಬೆಳಿಗ್ಗೆ ಬೂತಿಗೆ ಹೋದಾಗ ರಸ್ತೆಯಾಚೆ ಎರಡು ಪಕ್ಷದ ಮೇಜುಗಳಿದ್ದವು. ಮಧ್ಯೆ ಒಂದು ಹೊಂಗೆ ಮರದ ನೆರಳು. ಬಿಸಿಲು ಏರಿದಂತೆ ಎರಡೂ ಮೇಜು ನೆರಳಿನ ಕಡೆ ಸರಿಯುತ್ತಾ ಪಕ್ಕಪಕ್ಕಕ್ಕೆ ಬಂದುಬಿಟ್ಟಿದ್ದವು. ಚೀಟಿ ಬರೆಯುವ ಹುಡುಗ ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ನಮ್ಮ ಮನೆ ನಂಬರ್ ಹುಡುಕಿದ. ಐದು ಹೆಸರು. ಒಂದು, ತೀರಿಕೊಂಡ ನಮ್ಮ ದೊಡ್ಡಪ್ಪನದು. ಇನ್ನೆರಡು, ಯಾವತ್ತೋ ಮನೆ ಖಾಲಿ ಮಾಡಿದ ಬಾಡಿಗೆಯವರದು. "ಇವರು ಬರ್ತಾರಾ ಸಾರ್?" ಅಂದ. ಇಲ್ಲ ಅಂದೆ. ಪೆನ್ಸಿಲ್‌ನಲ್ಲಿ ಸಣ್ಣದಾಗಿ ಗೀಟು ಎಳೆದು, ನನ್ನ ಚೀಟಿ ಹರಿದು ಕೊಟ್ಟ.